ಚಳ್ಳಕೆರೆಯ ಅತಿಥಿಗಳು

ಸುಳ್ಳು ಹೇಳಬೇಕೆಂದು ನಾನು ಫೋನು ಮಾಡಿರಲಿಲ್ಲ. ಕಾಡಿನೊಳಗಿನ ಆ ಮನೆ ಎರಡು ದಿನದ ಮಟ್ಟಿಗೆ ಬಾಡಿಗೆಗೆ ಸಿಗುತ್ತದೆಯೇ ಎಂದಷ್ಟೇ ಕೇಳಬೇಕಿತ್ತು. ಆ ಕಡೆಯಿಂದ ಒಬ್ಬ ಹೆಂಗಸು, "ಸಿಗ್ತದೆ, ಬನ್ನಿ. ಯಾವೂರಾಯ್ತು ನಿಮ್ದು?" ಎಂದರು. ಎದುರಿಗೆ, ಅಡುಗೆಮನೆಯ ಕಟ್ಟೆಯ ಮೇಲೆ ಶೇಂಗಾ ಎಣ್ಣೆಯ ಡಬ್ಬವಿತ್ತು. ಅದರ ಮೇಲೆ ಊರಿನ ಹೆಸರು ಅಚ್ಚಾಗಿತ್ತು. ಅದನ್ನೇ ಓದಿಬಿಟ್ಟೆ.

"ಚಳ್ಳಕೆರೆ."

"ಅಯ್ಯೋ, ಅಷ್ಟು ದೂರದಿಂದ ಬರ್ತೀರಾ! ಬನ್ನಿ ಬನ್ನಿ, ಎಲ್ಲಾ ವ್ಯವಸ್ಥೆ ಮಾಡಿರ್ತೀವಿ," ಎಂದು ಅವರು ಫೋನಿಟ್ಟರು.

ಚಳ್ಳಕೆರೆಯನ್ನು ನಾನು ಕಣ್ಣಿಂದ ಕಂಡವಳಲ್ಲ. ನಮ್ಮೂರು ಮುತ್ತಿನಕೊಪ್ಪ. ಆ ಬಾಡಿಗೆ ಮನೆ ಇರುವುದು ಶೃಂಗೇರಿಯಿಂದ ಸ್ವಲ್ಪ ಆಚೆ. ಬಸ್ಸಿನಲ್ಲಿ ಹೋದರೂ ಬೆಳಗಿನ ತಿಂಡಿ ನಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟ ಅಲ್ಲಿ.

ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನಲ್ಲಿ ಎಲ್ಲಿ ನಿಂತು ಊರಿನ ಹೆಸರು ಹೇಳಿದರೂ ಮುಂದಿನ ಪ್ರಶ್ನೆ, "ಯಾರ ಮನೆ?" ಮನೆಯ ಹೆಸರು ಹೇಳಿದರೆ, "ಹಂಗಾರೆ ಇಂಥವರು ನಿಮಗೆ ಎಂತ ಆಗಬೇಕು?" ಅದಕ್ಕೂ ಉತ್ತರ ಕೊಟ್ಟರೆ ಮುಗಿಯಿತು, ನೆಂಟರು. ನೆಂಟರಾದ ಮೇಲೆ ನಾನು ಆ ಮನೆಗೆ ಯಾವುದೋ ಲೆಕ್ಕದಲ್ಲಿ ಸೊಸೆ. ಸೊಸೆಯಾದವಳು ಜಗಲಿಯಲ್ಲಿ ಕಾಲು ಚಾಚಿ ಕೂರುವುದಿಲ್ಲ. ನೇರ ಅಡುಗೆಮನೆಗೆ ಹೋಗಿ, "ಎಂತ ಮಾಡ್ಲಿ ಅತ್ತೆ?" ಎನ್ನುತ್ತಾಳೆ. ಯಾರೂ ಬಲವಂತ ಮಾಡುವುದಿಲ್ಲ. ಹಾಗೆ ಕೇಳದೆ ಕೂತರೆ ನನಗೇ ಕೂತಲ್ಲಿ ಮುಳ್ಳು ಚುಚ್ಚಿದಂತಾಗುತ್ತದೆ. ಮದುವೆಯಾದ ಹೊಸತರಲ್ಲಿ ನಾವು ಹೊರನಾಡಿಗೆ ಹೋಗಿ ನೆಂಟರ ಮನೆಯಲ್ಲಿ ಉಳಿದಿದ್ದೆವು. ನನ್ನ ಗಂಡ ಅರುಣ ಗುಡ್ಡ ನೋಡಿದರು, ಹೊಳೆ ನೋಡಿದರು. ನಾನು ನೋಡಿದ್ದು ಆ ಮನೆಯ ರೊಟ್ಟಿ ಹಂಚು.

ನಮ್ಮ ಅತ್ತೆ ಕೆಟ್ಟವರಲ್ಲ. ಇದನ್ನು ಹೇಳಲೇಬೇಕು, ಇಲ್ಲವಾದರೆ ಕೇಳಿದವರು ತಪ್ಪು ತಿಳಿಯುತ್ತಾರೆ. ಅಡಿಕೆ ಕೊಯ್ಲಿನ ಗಲಾಟೆ ಮುಗಿದ ಮೇಲೆ, "ಮುಖ ನೋಡ್ಕೊಂಡಿದೀಯಾ ಕನ್ನಡೀಲಿ? ಇಬ್ರೂ ಎಲ್ಲಾದ್ರೂ ಹೋಗಿ ಬನ್ನಿ" ಎಂದು ಅವರೇ ಅಂದಿದ್ದು. ತವರಿಗೆ ಹೋಗಿ ಮಲಗೋಣವೆಂದರೆ ಅಮ್ಮ ತೀರಿಕೊಂಡಾಗಿದೆ, ಅಣ್ಣ ಮಂಗಳೂರಿನಲ್ಲಿ ಅಂಗಡಿ ಇಟ್ಟಿದ್ದಾನೆ, ಭಂಡಿಗಡಿಯ ಮನೆಗೆ ಬೀಗ. ನನಗೆ ಬೇಕಿದ್ದದ್ದು ಒಂದೇ. ಎರಡು ದಿನ ನಾನು ಯಾರಿಗೂ ಏನೂ ಆಗಬಾರದು. ಸೊಸೆ, ಅತ್ತಿಗೆ, ಓರಗಿತ್ತಿ, ಏನೂ. ದುಡ್ಡು ಕೊಟ್ಟು ಬಂದ ಪರವೂರಿನವಳಾಗಿ ಕೂತಿರಬೇಕು, ಬೇರೆಯವರು ಕಾಫಿ ತಂದುಕೊಡಬೇಕು.

ಅರುಣನಿಗೆ ಚಳ್ಳಕೆರೆಯ ವಿಷಯ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲ ಮಾರಾಯ್ತಿ, ಶಿವಮೊಗ್ಗ ಅಂದಿದ್ರೂ ಆಗ್ತಿತ್ತಲ್ಲ."

"ಶಿವಮೊಗ್ಗದಲ್ಲಿ ಎಲ್ಲರಿಗೂ ನೆಂಟರಿದ್ದಾರೆ. ನೀವು ಅಲ್ಲಿ ಬಾಯಿ ಬಿಡಬೇಡಿ. 'ಎಂತ' ಅನ್ನಬೇಡಿ. 'ಮಾರಾಯ' ಅಂತೂ ಬೇಡವೇ ಬೇಡ."

"ಹಂಗಾರೆ ಎಂತ ಮಾತಾಡದು?"

"ನೋಡಿ, ಈಗಲೇ ಅಂದ್ರಿ!"

ಬೈಕಿನಲ್ಲಿ ಹೋದರೆ ನಂಬರ್ ಪ್ಲೇಟ್ ನಮ್ಮ ಜಿಲ್ಲೆಯದ್ದೇ ಎಂದು ಬಸ್ಸಿನಲ್ಲಿ ಹೋದೆವು. ಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಗುರುತಿನವರು ಯಾರಾದರೂ ಮಾತಾಡಿಸುತ್ತಾರೇನೋ ಎಂದು ನಾನು ಸೆರಗು ಮುಖಕ್ಕೆ ಅಡ್ಡ ಹಿಡಿದು ನಿಂತಿದ್ದೆ. ಹಾಗೆ ನಿಂತಿದ್ದಕ್ಕೇ ಇಬ್ಬರು ಹತ್ತಿರ ಬಂದು, "ಹುಷಾರಿಲ್ವಾ?" ಎಂದು ಕೇಳಿ ಹೋದರು.

ಶೃಂಗೇರಿಯ ಬಸ್‌ಸ್ಟ್ಯಾಂಡಿಗೆ ಜೀಪು ತಂದಿದ್ದವರು ಮನೆಯ ಯಜಮಾನ ತಿಮ್ಮಪ್ಪ. ಅರವತ್ತರ ಆಸುಪಾಸು. ಕೈಯಲ್ಲಿ ಕೆಲಸ ಮಾಡಿದವರ ಗಟ್ಟಿ ಮೈ, ತಲೆಗೆ ಮಂಗನ ಟೋಪಿ. ಜೀಪು ಹತ್ತಿದ ಕೂಡಲೇ ಮಾತು ಶುರು ಮಾಡಿದರು.

"ಹೆಂಗಿದೆ ಚಳ್ಳಕೆರೆ ಕಡೆ? ಬಿಸಿಲು ಜೋರಾ?"

"ಎಂತ ಬಿಸ..." ಎಂದು ಅರುಣ ಶುರು ಮಾಡಿದರು. ನಾನು ಕೆಮ್ಮಿದೆ. ಅವರು ಟಿವಿಯಲ್ಲಿ ಕೇಳಿದ ಧಾಟಿ ಹಿಡಿದು, "ಏನ್ ಬಿಸ್ಲರೀ, ತಲಿ ಒಡದ್ ಹೊಕ್ಕೈತಿ ನೋಡ್ರಿ!" ಎಂದರು.

ತಿಮ್ಮಪ್ಪ ಗೇರು ಬದಲಿಸುತ್ತಾ ಒಮ್ಮೆ ತಿರುಗಿ ನೋಡಿದರು. "ನಿಮ್ಮ ಮಾತು ಹುಬ್ಬಳ್ಳಿ ಕಡೇದು ಇದ್ದಂಗಿದೆಯಲ್ಲ?"

"ಇವರ ತಾಯಿಯ ಕಡೆ ಹುಬ್ಬಳ್ಳಿ," ಎಂದೆ ನಾನು. ಮನೆಯಲ್ಲಿ ರೊಟ್ಟಿ ತಟ್ಟುತ್ತಿರುವ ನಮ್ಮ ಅತ್ತೆಯನ್ನು ಒಂದೇ ಮಾತಿನಲ್ಲಿ ಹುಬ್ಬಳ್ಳಿಗೆ ಸಾಗಿಸಿದ್ದೆ.

ತಿಮ್ಮಪ್ಪನವರ ಮನೆ ಕೆಳಗೆ, ಬಾಡಿಗೆಯ ಮನೆ ಮೇಲೆ ಕಾಡಿನೊಳಗೆ. ನಡುವೆ ಕಾಲುದಾರಿ. ಹಿಂದೆ ಅದು ಕಾಫಿ ಒಣಹಾಕುವ ಕಣವನ್ನು ಕಾಯುವ ಗುಡಿಸಲಂತೆ. ಈಗ ಹಲಗೆಯ ಗೋಡೆ, ಹೆಂಚಿನ ಮಾಡು, ಒಂದು ಕೋಣೆ, ಮುಂದೆ ಚಿಕ್ಕ ಜಗಲಿ, ಹಿಂದೆ ಬಚ್ಚಲು. ಸುತ್ತ ನಂದಿ, ಹೊನ್ನೆ, ಹಲಸಿನ ಮರಗಳು. ಫೋನಿಗೆ ಸಿಗ್ನಲ್ ಇಲ್ಲ. ಅದನ್ನು ಹೇಳುವಾಗ ತಿಮ್ಮಪ್ಪ ತಪ್ಪು ಮಾಡಿದವರಂತೆ ಮುಖ ಸಣ್ಣ ಮಾಡಿಕೊಂಡರು. ನಾನು "ಪರವಾಗಿಲ್ಲ" ಎಂದೆ. ಹಾಗೆನ್ನುವಾಗ ದನಿಯಲ್ಲಿ ಸಂತೋಷ ಜಾಸ್ತಿ ಕೇಳಿಸಿತೇನೋ ಎಂದು ಆಮೇಲೆ ಅನ್ನಿಸಿತು.

ಸಂಜೆ ಅವರು ನಮ್ಮನ್ನು ತೋಟ ತೋರಿಸಲು ಕರೆದುಕೊಂಡು ಹೋದರು. ಬಂದವರಿಗೆಲ್ಲ ತೋರಿಸಿ ತೋರಿಸಿ ಅವರಿಗೆ ಅದು ಬಾಯಿಪಾಠವಾಗಿತ್ತು.

"ಇದು ಅಡಿಕೆ ಮರ. ತೆಂಗಲ್ಲ. ಪೇಟೆಯವರು ಮೊದಲು ತೆಂಗು ಅಂತಾರೆ, ಅದಕ್ಕೆ ಹೇಳಿದ್ದು. ಇದಕ್ಕೆ ಸುತ್ಕೊಂಡಿದೆಯಲ್ಲ, ಅದು ಕಾಳುಮೆಣಸಿನ ಬಳ್ಳಿ."

"ಓಹೋ," ಎಂದರು ಅರುಣ, ಹುಟ್ಟಿದಾಗಿನಿಂದ ಅಡಿಕೆ ತೋಟದಲ್ಲೇ ಇರುವ ಅರುಣ. "ಇದರಾಗ ಎಣ್ಣಿ ತಗೀತಾರೇನ್ರಿ?"

ತಿಮ್ಮಪ್ಪ ತಾಳ್ಮೆಯಿಂದ ವಿವರಿಸಿದರು. ಅರುಣ ಒಂದಷ್ಟು ದೂರ ಚೆನ್ನಾಗಿಯೇ ನಟಿಸಿದರು. ತೋಟದ ಕೊನೆಗೆ ಹೋಗುವಷ್ಟರಲ್ಲಿ ಒಂದು ಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ತಲೆ ಎತ್ತಿ ನೋಡಿ, ಮೈಮರೆತು ಕೇಳಿದರು: "ಈ ಸಲ ಕೊಳೆಗೆ ಎಷ್ಟು ಸಲ ಔಷಧಿ ಹೊಡ್ಸಿದ್ರಿ?"

ತಿಮ್ಮಪ್ಪ ನಿಂತುಬಿಟ್ಟರು. "ನಿಮಗೆ ಅಡಿಕೆಯ ಕೊಳೆರೋಗ ಹೆಂಗೆ ಗೊತ್ತು?"

"ಟಿವಿ," ಎಂದೆ ನಾನು. "ಕೃಷಿಯ ಕಾರ್ಯಕ್ರಮ. ಇವರು ಒಂದೂ ಬಿಡಲ್ಲ."

"ಭಾರಿ ಆಸಕ್ತಿ ಇದೆ ಹಂಗಾರೆ," ಎಂದು ತಿಮ್ಮಪ್ಪ ಖುಷಿಯಾಗಿ ಇನ್ನೂ ಎರಡು ತೋಟ ತೋರಿಸಿದರು.

ಮೇಲೆ ಬಂದು ನಾನು ಜಗಲಿಯಲ್ಲಿ ಕೂತೆ. ಬಿಸಿಲು ಮರಗಳ ತುದಿಗೆ ಹೋಗಿತ್ತು. ಎಲ್ಲೋ ಒಂದು ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದುಕೊಂಡು ಹೋದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ತಿಮ್ಮಪ್ಪನವರ ಹೆಂಡತಿ ಸುಲೋಚನಮ್ಮ ಕೆಳಗಿನಿಂದ ಫ್ಲಾಸ್ಕಿನಲ್ಲಿ ಕಾಫಿ, ತಟ್ಟೆಯ ತುಂಬ ಹಲಸಿನ ಹಪ್ಪಳ ಹೊತ್ತುಕೊಂಡು ಬಂದರು. ದುಂಡು ಮುಖ, ಮೂಗಿಗೆ ಕೆಂಪು ಹರಳಿನ ಬೊಟ್ಟು. ಏದುಸಿರು ಬಿಡುತ್ತಲೇ ನಗುವ ಹೆಂಗಸು. ಫೋನಿನಲ್ಲಿ ಮಾತಾಡಿದ್ದು ಅವರೇ.

ಅವರನ್ನು ಕಂಡದ್ದೇ ನನ್ನ ಕಾಲು ತಾನಾಗಿ ಎದ್ದಿತು.

"ಕೂರಿ ಕೂರಿ, ನೀವು ಯಾಕೆ ಏಳ್ತೀರಾ? ಅತಿಥಿಗಳು ನೀವು!"

ನಾನು ಕೂತೆ. ಅವರು ಕಾಫಿ ಬಗ್ಗಿಸಿ ಲೋಟವನ್ನು ಕೈಗೆ ಕೊಟ್ಟರು. ಕುಡಿದಾದ ಮೇಲೆ ಲೋಟ ತೊಳೆಯಲು ನೀರು ಎಲ್ಲಿದೆ ಎಂದು ನನ್ನ ಕಣ್ಣು ಹುಡುಕಿತು. ಅಷ್ಟರಲ್ಲಿ ಅವರೇ ಅದನ್ನು ಇಸಿದುಕೊಂಡರು. "ನೀವು" ಎಂದು ಅವರು ಅಂದದ್ದು ನನಗೆ ಎಷ್ಟು ಹಿತವಾಯಿತೆಂದರೆ, ಇನ್ನೊಮ್ಮೆ ಕರೆಯಲಿ ಎಂದು ಕಾಡಿನ ಬಗ್ಗೆ ಬೇಡದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಅರುಣ ಪಕ್ಕದಲ್ಲಿ ಹಪ್ಪಳ ಮುರಿಯುತ್ತಾ ಕೂತಿದ್ದರು. ಸುಲೋಚನಮ್ಮ ಹೋದ ಮೇಲೆ, "ಮುಖದಲ್ಲಿ ಈಗ್ಲೇ ಕಳೆ ಬಂತು ನೋಡು," ಎಂದರು. ಮದುವೆಯಾದ ಮೇಲೆ ನಾವಿಬ್ಬರೇ ಕೂತು ಕತ್ತಲಾಗುವುದನ್ನು ನೋಡಿದ್ದು ಅದೇ ಮೊದಲು. ಯಾರೂ ನನ್ನನ್ನು ಕರೆಯಲಿಲ್ಲ.

ಮರುದಿನ ಎಚ್ಚರವಾದಾಗ ಹಲಗೆಯ ಸಂದಿನಿಂದ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಗಾಬರಿಯಾಗಿ ಎದ್ದು ಕೂತೆ. ಆಮೇಲೆ ನಾನು ಚಳ್ಳಕೆರೆಯವಳು ಎಂದು ನೆನಪಾಗಿ ಮತ್ತೆ ಮಲಗಿದೆ.

ತಿಂಡಿಗೆ ತಿಮ್ಮಪ್ಪನವರ ಮನೆಗೆ ಇಳಿದು ಹೋದೆವು. ಜಗಲಿಯಲ್ಲಿ ಕಡುಬು, ಕಾಯಿಚಟ್ನಿ, ಜೇನುತುಪ್ಪ. ಸುಲೋಚನಮ್ಮ ಬಡಿಸುತ್ತಿದ್ದರು. ತಿಮ್ಮಪ್ಪ ಕಂಬಕ್ಕೆ ಒರಗಿ ಒಂದು ಮದುವೆಯ ಕಾಗದ ಓದುತ್ತಿದ್ದರು. ಬಾಳೆಹೊನ್ನೂರಿನಲ್ಲಿ ಯಾರದೋ ಮದುವೆ.

"ಹಲಸಿನಮನೆಯವರೆಲ್ಲಾ ಬರ್ತಾರೆ ಹಂಗಾರೆ," ಎಂದರು ಸುಲೋಚನಮ್ಮ. ಆಮೇಲೆ ನಮಗೆ ಬೇಸರವಾಗಬಾರದೆಂದು, "ಹಲಸಿನಮನೆ ಅಂದ್ರೆ ಇವರ ಸೋದರಮಾವನ ಮನೆ. ಮಾವನಿಗೆ ಆರು ಜನ ಹೆಣ್ಮಕ್ಕಳು," ಎಂದು ವಿವರಿಸಿದರು.

ಎತ್ತಿದ ಕಡುಬನ್ನು ತಟ್ಟೆಗೆ ವಾಪಸ್ ಇಟ್ಟೆ. ಹಲಸಿನಮನೆ ನಮ್ಮ ದೊಡ್ಡಮ್ಮನ ತವರು. ಮುತ್ತಿನಕೊಪ್ಪದಲ್ಲಿ ನಮ್ಮದು ಕೆಳಗಿನಮನೆ, ಅರುಣನ ದೊಡ್ಡಪ್ಪನದು ಮೇಲಿನಮನೆ. ದೊಡ್ಡಪ್ಪನ ಹೆಂಡತಿ ಹಲಸಿನಮನೆಯ ಮಗಳು. ಬೆಳಗೆದ್ದರೆ ಬೇಲಿಯಾಚೆಯಿಂದ ನನ್ನನ್ನು ಕೂಗುವುದು ಅವರೇ. ನಾನು ಅರುಣನನ್ನು ನೋಡಿದೆ. ಅವರು ತಟ್ಟೆಯನ್ನೇ ನೋಡುತ್ತಿದ್ದರು, ಕಿವಿ ಕೆಂಪಾಗಿತ್ತು.

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಇನ್ನೊಂದೇ ದಿನ.

"ಆರು ಜನರಲ್ಲಿ ಮುತ್ತಿನಕೊಪ್ಪಕ್ಕೆ ಕೊಟ್ಟಿದ್ದು ಯಾರನ್ನ?" ಎಂದರು ಸುಲೋಚನಮ್ಮ. "ನಾಲ್ಕನೆಯವಳಲ್ದಾ?"

"ಎರಡನೆಯವಳು," ಎಂದರು ತಿಮ್ಮಪ್ಪ.

"ಎರಡನೆಯವಳು ಬಾಳೆಹೊನ್ನೂರಿಗೆ ಹೋಗಿದ್ದು. ಆ ಮದುವೆಗೆ ನಾನು ಹೊಸ ಸೀರೆ ಉಟ್ಟಿದ್ದೆ."

"ನಿನ್ನ ಸೀರೆ ನೆನಪು ಇಟ್ಕೊಂಡು ಲೆಕ್ಕ ಹಾಕಿದ್ರೆ ಆಯ್ತು. ಬಾಳೆಹೊನ್ನೂರಿಗೆ ಹೋದವಳು ನಾಲ್ಕನೆಯವಳು. ಮುತ್ತಿನಕೊಪ್ಪದ್ದು ಎರಡನೆಯವಳೇ."

"ನಾಲ್ಕನೆಯವಳು!"

"ಎರಡು!"

ಇಬ್ಬರೂ ತಪ್ಪು. ನಾನು ತುಟಿ ಕಚ್ಚಿ ಹಿಡಿದೆ. ಚಟ್ನಿ ನೋಡಿದೆ, ಅಂಗಳದ ನಾಯಿ ನೋಡಿದೆ. ನನ್ನದೊಂದು ಕೆಟ್ಟ ಸ್ವಭಾವ, ಕಣ್ಣೆದುರು ತಪ್ಪು ಲೆಕ್ಕ ಕಂಡರೆ ಊಟ ಸೇರುವುದಿಲ್ಲ. ಅದೂ ನೆಂಟಸ್ತಿಕೆಯ ಲೆಕ್ಕ. ದೊಡ್ಡಮ್ಮ ಪಾಪ, ಎರಡನೆಯವರೂ ಅಲ್ಲದೆ ನಾಲ್ಕನೆಯವರೂ ಅಲ್ಲದೆ ತಮ್ಮ ಜಾಗ ಬಿಟ್ಟು ಅಲ್ಲಿಂದಿಲ್ಲಿಗೆ ಅಲೆಯುತ್ತಿರುವಂತೆ ಕಂಡರು.

"ಮೂರನೆಯವರು," ಎಂದೆ.

ಅರುಣ ನಿಧಾನಕ್ಕೆ ಹಣೆಗೆ ಕೈ ಹಚ್ಚಿಕೊಂಡರು.

"ಎಂತ ಅಂದ್ರಿ?" ಎಂದರು ಸುಲೋಚನಮ್ಮ, ಚಟ್ನಿಯ ಸೌಟು ಎತ್ತಿದಲ್ಲೇ ಹಿಡಿದು.

"ಮೂರನೆಯವರನ್ನ... ಮುತ್ತಿನಕೊಪ್ಪದ ಮೇಲಿನಮನೆಗೆ ಕೊಟ್ಟಿದ್ದು. ಎರಡನೆಯವರು ಬಾಳೆಹೊನ್ನೂರೇ. ನಾಲ್ಕನೆಯವರು ಜಯಪುರ," ಎಂದೆ. ಶುರು ಮಾಡಿದ ಮೇಲೆ ಪೂರ್ತಿ ಹೇಳದೆ ಇರಲು ಆಗಲಿಲ್ಲ.

ತಿಮ್ಮಪ್ಪ ಕಾಗದ ಕೆಳಗಿಟ್ಟರು. "ಚಳ್ಳಕೆರೆಯಲ್ಲಿ ಇದೂ ಟಿವೀಲಿ ಬರ್ತದಾ?"

ಅರುಣ ಕೈ ಮುಗಿದು ಎದ್ದು ನಿಂತರು. "ತಪ್ಪಾಯ್ತು ಮಾರಾಯ್ರೆ. ನಾವು ಮುತ್ತಿನಕೊಪ್ಪದ ಕೆಳಗಿನಮನೆಯವರು. ನಾನು ಅರುಣ, ಇವಳು ನಯನ. ಹುಬ್ಬಳ್ಳೀಲಿ ನಂಗೆ ಯಾರೂ ಇಲ್ಲ."

ಬೈಯುತ್ತಾರೆ ಎಂದುಕೊಂಡೆ. ತಿಮ್ಮಪ್ಪ ನಗಲು ಶುರು ಮಾಡಿದರು. ಟೋಪಿ ತೆಗೆದು ತೊಡೆಗೆ ಬಡಿದುಕೊಂಡು ನಕ್ಕರು. "ಅಡಿಕೇಲಿ ಎಣ್ಣೆ ತೆಗೀತಾರಾ ಅಂತ ಕೇಳಿದ್ನಲ್ಲೇ ಇವ, ಸುಲೋಚನಾ! ಕೆಳಗಿನಮನೆ ಹುಡುಗ! ನಿನ್ನೆ ನಾನು ಇವನಿಗೆ ಮೆಣಸಿನ ಬಳ್ಳಿ ತೋರ್ಸಿದ್ದು!"

"ಅಲ್ಲ, ಸುಳ್ಳು ಯಾಕೆ ಹೇಳಿದ್ರಿ?" ಎಂದರು ಸುಲೋಚನಮ್ಮ.

ಅರುಣನೇ ಹೇಳಿದರು. "ಇವಳಿಗೆ ಎರಡು ದಿನ ಸುಮ್ನೆ ಕೂರಬೇಕಿತ್ತು. ನೆಂಟರ ಮನೆ ಅಂದ್ರೆ ಇವಳು ಕೂರಲ್ಲ."

"ಅದಕ್ಕೆ ಚಳ್ಳಕೆರೆಗೆ ಹೋಗಬೇಕಾ? ಇಲ್ಲೇ ಕೂತ್ಕೊಳ್ಳಲಿ, ಯಾರು ಬೇಡ ಅಂದವರು!" ಎಂದು ತಿಮ್ಮಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. "ನೋಡು, ಮೇಲಿನಮನೆಯವಳು ನಂಗೆ ಸೋದರಮಾವನ ಮಗಳು, ಮದುವೆ ಆಗೋ ವರಸೆ. ಅವಳಿಗೆ ನೀನು ಮಗ. ಹಂಗಾರೆ ನಂಗೂ ಮಗ. ಇವಳು ನಮಗೆ ಸೊಸೆ. ನಿಮ್ಮ ಮದುವೆಗೆ ಕಾಗದ ಬಂದಿತ್ತು ಮಾರಾಯ, ಅವತ್ತು ನಂಗೆ ಜ್ವರ. ಬಾಡಿಗೆ ವಾಪಸ್ ಇಸ್ಕೊಂಡು ಆರಾಮಾಗಿರಿ."

ಎಲ್ಲ ಮುಗಿಯಿತು. ಅವರು ಕೂರು ಅಂದರು ನಿಜ. ಆದರೆ ಸುಲೋಚನಮ್ಮ ಖಾಲಿ ಪಾತ್ರೆ ಎತ್ತಿಕೊಂಡು ಒಳಗೆ ಹೊರಟದ್ದೇ ನನ್ನ ಕೈ ಎರಡೂ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಾಗಿತ್ತು. ಅರುಣ, "ನಯನಾ, ಕೂತ್ಕೊ" ಎಂದರು. ಹೇಗೆ ಕೂರುವುದು? ಅತ್ತೆಯಾಗಬೇಕಾದವರು ಒಲೆಯ ಮುಂದೆ ನಿಂತಿರುವಾಗ ಸೊಸೆಯಾಗಬೇಕಾದವಳು ಜಗಲಿಯಲ್ಲಿ?

ಒಳಗೆ ಹೋಗಿ, "ಎಂತ ಮಾಡ್ಲಿ ಅತ್ತೆ?" ಎಂದೆ.

"ಬಂದ್ಯಾ? ಆ ಕಾಯಿ ತುರಿದುಬಿಡು ಹಂಗಾರೆ. ಸೊಪ್ಪಿನ ಸಾರು ಮಾಡಿಬಿಡಾಣ," ಎಂದರು ಅವರು, ಬಹಳ ಸಂತೋಷದಿಂದ. ಜಗಲಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ನಾನು "ನೀವು" ಹೋಗಿ "ನೀನು" ಆಗಿದ್ದೆ. ಅವರದೇನೂ ತಪ್ಪಿಲ್ಲ. ತುರಿಮಣೆ ಎಳೆದುಕೊಂಡು ಕೂತೆ. ಮೇಲಿನ ಕಾಡಿನಲ್ಲಿ ಆ ಜಗಲಿ ಖಾಲಿ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ನಾಳೆ ಇಷ್ಟು ಹೊತ್ತಿಗೆ ಬಸ್ಸಿನಲ್ಲಿರುತ್ತೇವೆ. ಮೂರನೆಯವರು ಎಂದು ಹೇಳದೆ ಇದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು?

"ನಿನ್ನ ತವರು ಎಲ್ಲಿ?" ಎಂದರು ಸುಲೋಚನಮ್ಮ, ಸೊಪ್ಪು ಹೆಚ್ಚುತ್ತಾ.

"ಭಂಡಿಗಡಿ. ಈಗ ಅಲ್ಲಿ ಯಾರೂ ಇಲ್ಲ. ಅಮ್ಮ ಇಲ್ಲ."

"ಭಂಡಿಗಡೀಲಿ ಯಾರ ಮನೆ? ಅಮ್ಮನ ಹೆಸರು ಎಂತ?"

"ಜಲಜಾಕ್ಷಿ. ಹೊಲಿಗೆ ಹೇಳಿಕೊಡ್ತಿದ್ರು."

ಸೊಪ್ಪು ಹೆಚ್ಚುವ ಸದ್ದು ನಿಂತಿತು. ತಲೆ ಎತ್ತಿದೆ. ಸುಲೋಚನಮ್ಮ ಕತ್ತಿ ಹಿಡಿದುಕೊಂಡೇ ನನ್ನ ಮುಖದ ಹತ್ತಿರ ಬಂದು, ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು.

"ಜಲ್ಜಕ್ಕನ ಮಗಳಾ ನೀನು? ಹುಬ್ಬು ಹಂಗೇ ಇದೆಯಲ್ಲೇ! ಅವಳ ಅಮ್ಮ, ನನ್ನ ಅಮ್ಮ ಒಡಹುಟ್ಟಿದವರು ಮಾರಾಯ್ತಿ! ನಂಗೆ ಮೊದಲನೇ ಲಂಗ ಹೊಲಿದುಕೊಟ್ಟಿದ್ದೇ ಜಲ್ಜಕ್ಕ! ಮದುವೆ ಆದ್ಮೇಲೆ ನಂಗೆ ಆ ಕಡೆ ಹೋಗದೇ ತಪ್ಪಿಹೋಯ್ತು!" ಎಂದು ಜಗಲಿಯ ಕಡೆ ಕೂಗಿದರು. "ಕೇಳ್ತಾ? ಇವಳು ಸೊಸೆ ಅಲ್ಲ! ನಂಗೆ ಮಗಳು! ನಾನು ಇವಳಿಗೆ ಚಿಕ್ಕಮ್ಮ!"

ತಿಮ್ಮಪ್ಪ, ಅವರ ಹಿಂದೆ ಅರುಣ, ಅಡುಗೆಮನೆಯ ಬಾಗಿಲಿಗೆ ಬಂದರು.

"ಅದು ಆಗಲ್ಲ," ಎಂದರು ತಿಮ್ಮಪ್ಪ. "ಆಗ್ಲೇ ಲೆಕ್ಕ ಹಾಕಿ ಆಯ್ತು. ಗಂಡಿನ ಕಡೆಯಿಂದ ಸೊಸೆ."

"ನಿಮ್ಮ ಲೆಕ್ಕ ನೋಡಿದ್ದೀನಿ. ಮೂರನೆಯವಳನ್ನ ಎರಡನೆಯವಳು ಅಂದವರು. ನನ್ನದು ಹತ್ತಿರದ ರಕ್ತ."

"ಎರಡೂ ಇಟ್ಕೊಂಡ್ರೆ ಆಗಲ್ವಾ?" ಎಂದರು ಅರುಣ, ಜಗಳ ಬಿಡಿಸುವವರಂತೆ.

ತಿಮ್ಮಪ್ಪ ಅವರನ್ನು ಕನಿಕರದಿಂದ ನೋಡಿದರು. "ಮಾರಾಯ, ನೀನು ನಂಗೆ ಮಗ. ಇವಳು ಅವಳಿಗೆ ಮಗಳು. ನಾನು, ಅವಳು ಗಂಡ ಹೆಂಡ್ತಿ. ಹಂಗಾರೆ ನೀವಿಬ್ರು ಎಂತ ಆದ್ರಿ?"

ಅರುಣ ಯೋಚಿಸಿದರು. ಆಮೇಲೆ ನನ್ನಿಂದ ಒಂದು ಹೆಜ್ಜೆ ದೂರ ಸರಿದು ನಿಂತರು. ಸುಲೋಚನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೂ ನಗು ಬಂತು, ಆದರೆ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಅದಕ್ಕೇ ಹೇಳಿದ್ದು, ಒಂದೇ ಹಿಡೀಬೇಕು," ಎಂದರು ತಿಮ್ಮಪ್ಪ.

"ಒಂದೇ ಹಿಡಿಯಾಣ. ಅವಳನ್ನೇ ಕೇಳಿ," ಎಂದರು ಸುಲೋಚನಮ್ಮ. "ಹೇಳೇ ನಯನಾ. ನೀನು ಈ ಮನೆಗೆ ಎಂತ ಆಗಬೇಕು?"

ಮೂವರೂ ನನ್ನ ಕಡೆ ತಿರುಗಿದರು. ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿದ್ದಿಲ್ಲ. ಏನಾಗಬೇಕು ಎಂಬುದನ್ನು ಯಾವಾಗಲೂ ಬೇರೆಯವರು ಲೆಕ್ಕ ಹಾಕಿ ಹೇಳುತ್ತಾರೆ, ನಾನು ಅದಕ್ಕೆ ತಕ್ಕ ಕೆಲಸ ಹುಡುಕಿಕೊಳ್ಳುತ್ತೇನೆ. ಸೊಸೆ ಎಂದರೆ ಚಿಕ್ಕಮ್ಮನಿಗೆ ನೋವು. ಮಗಳು ಎಂದರೆ ತಿಮ್ಮಪ್ಪನವರ ಮಾತು ತೆಗೆದುಹಾಕಿದ ಹಾಗೆ. ಅದೂ ಅವರ ಮನೆಯಲ್ಲೇ ನಿಂತು, ಸುಳ್ಳು ಹೇಳಿಕೊಂಡು ಬಂದವಳು ನಾನು. ಅರುಣನ ಮುಖ ನೋಡಿದೆ, ಏನಾದರೂ ಸನ್ನೆ ಮಾಡುತ್ತಾರೋ ಎಂದು. ಅವರು ಸುಮ್ಮನೆ ಕಾಯುತ್ತಿದ್ದರು.

ಎರಡೂ ಸುಳ್ಳಲ್ಲ ಎನ್ನುವುದು ಆಗ ಹೊಳೆಯಿತು. ಯಾವುದನ್ನು ಹೇಳಿದರೂ ಚಳ್ಳಕೆರೆ ಅಂದ ಹಾಗೆ ಆಗುವುದಿಲ್ಲ. ಹಾಗಿದ್ದ ಮೇಲೆ ನನಗೆ ಬೇಕಾದದ್ದನ್ನು ಹೇಳಿದರೆ ಯಾರಿಗೆ ಅನ್ಯಾಯ?

ತುರಿಮಣೆಯಿಂದ ಎದ್ದೆ. ಅರ್ಧ ತುರಿದ ಕಾಯಿಯನ್ನು ಬಟ್ಟಲಲ್ಲಿಟ್ಟೆ.

"ಮಗಳು," ಎಂದೆ. ದನಿ ಸಣ್ಣಗೆ ಬಂತು. ಇನ್ನೊಮ್ಮೆ, ಸರಿಯಾಗಿ ಹೇಳಿದೆ. "ನಾನು ಮಗಳು. ತವರಿಗೆ ಬಂದಿದ್ದೀನಿ."

"ಹಾಂ!" ಎಂದರು ಸುಲೋಚನಮ್ಮ. ಮರುಕ್ಷಣವೇ ನನ್ನ ರಟ್ಟೆ ಹಿಡಿದು ಅಡುಗೆಮನೆಯಿಂದ ಹೊರಗೆ ಹಾಕಿದರು. "ಹೋಗು, ಹೊರಗೆ ಕೂತ್ಕೊ. ತವರಿಗೆ ಬಂದವಳು ಒಳಗೆ ಎಂತ ಮಾಡ್ತೀಯಾ? ಕೂದಲು ನೋಡು, ತೆಂಗಿನ ನಾರು. ಸಂಜೆ ಎಣ್ಣೆ ಹಾಕ್ತೀನಿ. ಸಪೂರ ಆಗಿದೀಯಾ, ಸರಿಯಾಗಿ ಊಟ ಮಾಡದು ಬಿಟ್ಟು ಚಳ್ಳಕೆರೆಗೆ ಹೋಗ್ತಾಳಂತೆ!"

ಅಮ್ಮ ಹೋದ ಮೇಲೆ ನನ್ನನ್ನು ಯಾರೂ ಹೀಗೆ ಬೈದಿರಲಿಲ್ಲ. ನಾನು ಜಗಲಿಯ ಅಂಚಿನಲ್ಲಿ ಕೂತೆ. ಕಾಲು ಕೆಳಗೆ ಬಿಟ್ಟೆ. ಮುಳ್ಳು ಚುಚ್ಚುತ್ತದೆಯೇ ಎಂದು ಸ್ವಲ್ಪ ಹೊತ್ತು ಕಾದೆ. ಇಲ್ಲ. ಒಳಗೆ ಪಾತ್ರೆಗಳ ಸದ್ದಾಗುತ್ತಲೇ ಇತ್ತು, ನಾನು ಕೂತೇ ಇದ್ದೆ.

ತಿಮ್ಮಪ್ಪ ಮುಖ ಊದಿಸಿಕೊಂಡು ಬಂದು ಪಕ್ಕದಲ್ಲಿ ಕೂತರು. ಬೇಸರವಾಯಿತೇನೋ ಎಂದು ನನಗೆ ಭಯ.

"ತಪ್ಪು ತಿಳ್ಕೊಬೇಡಿ ಚಿಕ್ಕಪ್ಪ," ಎಂದೆ.

ಚಿಕ್ಕಪ್ಪ ಎಂದದ್ದಕ್ಕೆ ಅವರ ಮುಖ ಅರ್ಧ ಸಡಿಲವಾಯಿತು. "ಹೋಗ್ಲಿ ಬಿಡು. ನಂಗೆ ಮಗ ಹೋದ, ಅಳಿಯ ಬಂದ. ಲೆಕ್ಕ ಸಮ."

"ಅಳಿಯ ಬಂದಿದಾನೆ ಅಂತ ಅಲ್ಲೇ ಕೂತಿದೀರಲ್ಲ?" ಎಂದು ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಮೊದಲನೇ ಸಲ ಮನೆಗೆ ಬಂದ ಅಳಿಯನಿಗೆ ಸೊಪ್ಪಿನ ಸಾರು ಬಡಿಸ್ಲಾ? ಆ ಕೆಂಪು ಹುಂಜ ಹಿಡೀರಿ!"

ತಿಮ್ಮಪ್ಪ ತಲೆ ಕೆರೆದುಕೊಂಡರು. ಆ ಹುಂಜ ಅಂಗಳದಲ್ಲೇ, ನಮ್ಮ ಎದುರೇ, ಎದೆಯುಬ್ಬಿಸಿಕೊಂಡು ಓಡಾಡುತ್ತಿತ್ತು. ಅವರು ಎದ್ದು ಪಂಚೆ ಮೇಲೆ ಕಟ್ಟಿದರು. ಅರುಣ, "ನಾನು ಹಿಡಿತೀನಿ ಬಿಡಿ" ಎಂದು ಮುಂದೆ ಬಂದರು.

"ಅಳಿಯಂದಿರು ಕೂರಬೇಕು!" ಎಂದು ಒಳಗಿನಿಂದ ಅಪ್ಪಣೆಯಾಯಿತು. ಅರುಣ ಬಂದು ನನ್ನ ಪಕ್ಕದಲ್ಲಿ ಕೂತರು.

ಹುಂಜ ಬಾವಿಯ ಸುತ್ತ ಓಡಿತು. ತಿಮ್ಮಪ್ಪ ಬಾವಿಯ ಸುತ್ತ ಓಡಿದರು. ನಾಯಿ ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ಇಬ್ಬರ ಹಿಂದೆಯೂ ಓಡಿತು. ಟೋಪಿ ಬಿತ್ತು. ಹುಂಜ ಕೊಟ್ಟಿಗೆಯ ಮಾಡಿಗೆ ಹಾರಿ, ಅಲ್ಲಿಂದ ಆಚೆ ಕಡೆ ಇಳಿದು ಮಾಯವಾಯಿತು. ತಿಮ್ಮಪ್ಪ ಅಂಗಳದ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತು, ಏದುಸಿರಿನಲ್ಲಿ ನನ್ನ ಕಡೆ ನೋಡಿದರು.

"ಸೊಸೆ ಅಂದಿದ್ರೆ ಸೊಪ್ಪಿನ ಸಾರಲ್ಲೇ ಮುಗೀತಿತ್ತಲ್ಲೇ ಮಾರಾಯ್ತಿ!"

ನನಗೆ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರಿಗೆ ಕಾಣದ್ದು ನನಗೆ ಕಾಣುತ್ತಿತ್ತು, ಸೌದೆಯ ರಾಶಿಯ ಹಿಂದೆ ಕೆಂಪು ಬಾಲ.

"ಚಿಕ್ಕಪ್ಪಾ, ಅಲ್ಲಿ, ಸೌದೆಯ ಹಿಂದೆ!" ಎಂದು ಕೂತಲ್ಲಿಂದಲೇ ಕೂಗಿದೆ.